ಟಿಸಿ ಫುಲ್ ಆಗಿದೆಯಂತೆ: ಬಿಸಿಲಿಗೆ ಬರವಿಲ್ಲ, ತಂತಿಯಲ್ಲಿ ಜಾಗವಿಲ್ಲ

ನಮ್ಮ ಬೀದಿಯ ಕೊನೆಯ ಮನೆ ಒಬ್ಬ ನಿವೃತ್ತ ಮೇಷ್ಟ್ರದ್ದು. ಹೋದ ವರ್ಷ ತಾರಸಿ ಮೇಲೆ 5 ಕಿಲೋವಾಟ್ ಸೋಲಾರ್ ಹಾಕಿಸಲು ಹೊರಟರು. ಕೈಯಲ್ಲಿ ದುಡ್ಡಿತ್ತು, ತಾರಸಿಗೆ ಯಾವ ಮರದ ನೆರಳೂ ಇರಲಿಲ್ಲ, ಮನೆಯವರ ಒಪ್ಪಿಗೆಯೂ ಸಿಕ್ಕಿತ್ತು. ಕೊಟೇಶನ್ ಕೊಟ್ಟು ಹೋದ ಹುಡುಗ ವಾರ ಬಿಟ್ಟು ಬಂದು ತಲೆ ಕೆರೆದುಕೊಂಡ. "ಸಾರ್, ನಿಮ್ಮ ಟಿಸಿ ಫುಲ್ ಆಗಿದೆಯಂತೆ."

ಮೇಷ್ಟ್ರು ಸೀದಾ ನಮ್ಮ ಮನೆಗೆ ಬಂದರು. "ಟಿಸಿ ಇರೋದು ಕರೆಂಟ್ ಕೊಡೋಕೆ. ನಾನು ಕರೆಂಟ್ ಕೇಳ್ತಿಲ್ಲಪ್ಪ, ಕೊಡ್ತೀನಿ ಅಂತಿದ್ದೀನಿ. ಅದು ಹೇಗೆ ಫುಲ್ ಆಗುತ್ತೆ?"

ಪ್ರಶ್ನೆ ಸರಿಯಾಗಿಯೇ ಇದೆ, ಅಲ್ವಾ? ದೇಶದ ಸೋಲಾರ್ ಸಾಮರ್ಥ್ಯ 2025ರ ಜನವರಿಯಲ್ಲಿ 1 ಲಕ್ಷ ಮೆಗಾವಾಟ್ ದಾಟಿತು. ಹಾಕಿಸಿ ಹಾಕಿಸಿ ಎಂದು ಸರ್ಕಾರ ಸಬ್ಸಿಡಿ ಕೊಡುತ್ತಿದೆ. ಇನ್ನೊಂದು ಕಡೆ ತಂತಿಯಲ್ಲಿ ಜಾಗವಿಲ್ಲ ಎಂಬ ಮಾತು. ಎರಡೂ ನಿಜ. ಈ ಎರಡು ನಿಜಗಳ ನಡುವೆ ದಾರಿ ಮಾಡುವ ಕೆಲಸ ನಿಯಮಗಳದ್ದು. ಅವು ಎಲ್ಲಿ ಚೆನ್ನಾಗಿ ಮಾಡುತ್ತಿವೆ, ಎಲ್ಲಿ ಎಡವುತ್ತಿವೆ ಅಂತ ನೋಡೋಣ.

ಫುಲ್ ಆಗುವುದು ಏನು?

ಟಿಸಿ ಅಂದರೆ ನಮ್ಮ ಬೀದಿಗಳಲ್ಲಿ ಎರಡು ಕಂಬದ ನಡುವೆ ಕೂತಿರುವ ಟ್ರಾನ್ಸ್‌ಫಾರ್ಮರ್. 11 ಸಾವಿರ ವೋಲ್ಟಿನ ಕರೆಂಟನ್ನು ಮನೆಗೆ ಬೇಕಾದ 230 ವೋಲ್ಟಿಗೆ ಇಳಿಸುತ್ತದೆ. ಕರೆಂಟ್ ಯಾವ ದಿಕ್ಕಿಗೆ ಹರಿದರೂ ಅದಕ್ಕೆ ಬೇಸರವಿಲ್ಲ. ಮೇಲಿನಿಂದ ಕೆಳಗೂ ಸರಿ, ಕೆಳಗಿನಿಂದ ಮೇಲೂ ಸರಿ. ಹೊರುವ ಭಾರಕ್ಕೆ ಮಾತ್ರ ಮಿತಿ.

ಲೆಕ್ಕ ಸುಲಭವಾಗಲಿ ಅಂತ 100 ಕಿಲೋವಾಟ್ ಹೊರುವ ಟಿಸಿ ಒಂದಿದೆ ಅಂದುಕೊಳ್ಳಿ. ಆ ಬೀದಿಯ ತಾರಸಿಗಳ ಮೇಲೆ ಒಟ್ಟು 80 ಕಿಲೋವಾಟ್ ಸೋಲಾರ್ ಇದೆ. ಮಧ್ಯಾಹ್ನ 12 ಗಂಟೆ. ಗಂಡ ಹೆಂಡತಿ ಕೆಲಸಕ್ಕೆ, ಮಕ್ಕಳು ಶಾಲೆಗೆ. ಮನೆಗಳಲ್ಲಿ ಓಡುತ್ತಿರುವುದು ಫ್ರಿಜ್ಜು, ಒಂದೆರಡು ಫ್ಯಾನು. ಎಲ್ಲ ಸೇರಿ 15 ಕಿಲೋವಾಟ್. ಉಳಿದ 65 ಕಿಲೋವಾಟ್ ಟಿಸಿ ಹತ್ತಿ ಹಿಂದಕ್ಕೆ ಹೋಗಬೇಕು. ಭಾರದ ದೃಷ್ಟಿಯಿಂದ ಏನೂ ತೊಂದರೆಯಿಲ್ಲ. ಹಾಗಾದರೆ ತೊಂದರೆ ಎಲ್ಲಿ? ವೋಲ್ಟೇಜಿನಲ್ಲಿ.

ಕಾಲುವೆಯ ಕೊನೆಯ ಗದ್ದೆಗೆ ನೀರು ಸಾಲದು ಅನ್ನುವುದು ನಮಗೆ ಗೊತ್ತು. ತಂತಿಯಲ್ಲೂ ಅಷ್ಟೇ. ಸಂಜೆ ಎಲ್ಲರೂ ದೀಪ, ಗ್ರೈಂಡರ್, ಗೀಸರ್ ಹಾಕಿದಾಗ ಬೀದಿಯ ಕೊನೆ ಮನೆಯ ಬಲ್ಬು ಮಂಕಾಗುತ್ತದೆ. ಅದಕ್ಕೇ ಟಿಸಿಯ ಟ್ಯಾಪ್ ಅನ್ನು, ಅಂದರೆ ಹೊರಬರುವ ವೋಲ್ಟೇಜನ್ನು ಏರಿಸಿ ಇಳಿಸುವ ಕೀಲಿಯನ್ನು, ಸ್ವಲ್ಪ ಮೇಲಕ್ಕೇ ಇಟ್ಟಿರುತ್ತಾರೆ, ಕೊನೆ ಮನೆಗೂ ಸಾಕಷ್ಟು ವೋಲ್ಟೇಜ್ ಸಿಗಲಿ ಅಂತ. ಮಧ್ಯಾಹ್ನ ಇದು ತಲೆಕೆಳಗಾಗುತ್ತದೆ. ಈಗ ಕೊನೆ ಮನೆಯೇ ಕರೆಂಟನ್ನು ಟಿಸಿ ಕಡೆಗೆ ತಳ್ಳಬೇಕು. ತಳ್ಳಬೇಕಾದರೆ ಅದರ ವೋಲ್ಟೇಜ್ ಟಿಸಿಯದ್ದಕ್ಕಿಂತ ಮೇಲಿರಬೇಕು. ಹತ್ತು ಮನೆ ಒಟ್ಟಿಗೆ ತಳ್ಳಿದರೆ ಕೊನೆಯಲ್ಲಿ ವೋಲ್ಟೇಜ್ ಏರುತ್ತಾ ಹೋಗುತ್ತದೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದ ಪ್ರಕಾರ ವೋಲ್ಟೇಜ್ 110 ಪರ್ಸೆಂಟ್ ದಾಟಿದರೆ, ಅಂದರೆ ಸುಮಾರು 253 ವೋಲ್ಟ್ ಆದರೆ, ಪ್ಯಾನೆಲ್ಲಿನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಸೋಲಾರ್ ಇನ್‌ವರ್ಟರ್ 2 ಸೆಕೆಂಡಿನೊಳಗೆ ತಾನೇ ಕಳಚಿಕೊಳ್ಳಬೇಕು. ಬಿಸಿಲು ನೆತ್ತಿಗೇರಿದ ಹೊತ್ತಿಗೇ ಸರಿಯಾಗಿ ಇನ್‌ವರ್ಟರ್ ನಿಂತುಬಿಡುತ್ತದೆ.

ಇದೇ ನಿಯಮದ ಇನ್ನೊಂದು ಭಾಗದ ಬಗ್ಗೆ ಜನ ತುಂಬಾ ಕೇಳುತ್ತಾರೆ. "ಕರೆಂಟ್ ಹೋದಾಗ ನಮ್ಮ ಸೋಲಾರೂ ಯಾಕೆ ನಿಲ್ಲುತ್ತೆ? ಬಿಸಿಲಿದೆಯಲ್ಲ?" ಉತ್ತರ ಕಂಬದ ಮೇಲಿದೆ. ಲೈನ್ ಆಫ್ ಮಾಡಿಸಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಕರೆಂಟ್ ಹೊಡೆಯಬಾರದು. ಬ್ಯಾಟರಿ ಇಲ್ಲದ ಸೋಲಾರ್ ಅದಕ್ಕೇ ಲೈನಿನ ಜೊತೆ ತಾನೂ ನಿಲ್ಲುತ್ತದೆ. ಈ ವಿಷಯವನ್ನು ಮಾರುವವರು ಮೊದಲೇ ಹೇಳಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು.

ಬೀದಿ ಮಟ್ಟದ ನಿಯಮಗಳು

ಮೊದಮೊದಲು ರಾಜ್ಯಗಳ ವಿದ್ಯುತ್ ನಿಯಂತ್ರಣ ಆಯೋಗಗಳು ಇದಕ್ಕೆ ಕಂಡುಕೊಂಡ ಪರಿಹಾರ ಸರಳ. ಟಿಸಿ ಸಾಮರ್ಥ್ಯದ ಇಷ್ಟು ಪರ್ಸೆಂಟ್‌ಗಿಂತ ಜಾಸ್ತಿ ಸೋಲಾರ್ ಬೇಡ ಅಂತ ಒಂದು ಗೆರೆ ಎಳೆದರು. ಕರ್ನಾಟಕದಲ್ಲಿ 80 ಪರ್ಸೆಂಟ್ ಇಟ್ಟರು. ತಮಿಳುನಾಡಿನಲ್ಲಿ ಮೊದಲು 30 ಇತ್ತು. ಒಂದೇ ಥರದ ಟಿಸಿ, ಒಂದೇ ಸೂರ್ಯ, ರಾಜ್ಯಕ್ಕೊಂದು ಲೆಕ್ಕ. ಹೀಗೆ ಆಗಿದ್ದಕ್ಕೆ ಕಾರಣ ಅದು ಪಕ್ಕಾ ಎಂಜಿನಿಯರಿಂಗ್ ಲೆಕ್ಕ ಅಲ್ಲ, ಹೆದರಿಕೆಯ ಅಳತೆ. ಉದ್ದ ತಂತಿಯ, ಸಣ್ಣ ಗೇಜಿನ ಬೀದಿಯಲ್ಲಿ 40 ಪರ್ಸೆಂಟೇ ಜಾಸ್ತಿಯಾಗಬಹುದು. ಟಿಸಿ ಪಕ್ಕದಲ್ಲೇ ಒತ್ತೊತ್ತಾಗಿ ಮನೆಗಳಿದ್ದರೆ 100 ಕೂಡ ನಡೆಯಬಹುದು.

2024ರ ಫೆಬ್ರುವರಿಯಲ್ಲಿ ಕೇಂದ್ರ ಇಂಧನ ಸಚಿವಾಲಯ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದಿತು. ಮೇಷ್ಟ್ರಿಗೆ ನಾನು ತೋರಿಸಿದ್ದು ಇದನ್ನೇ. 10 ಕಿಲೋವಾಟ್‌ವರೆಗಿನ ತಾರಸಿ ಸೋಲಾರಿಗೆ ತಾಂತ್ರಿಕ ಪರಿಶೀಲನೆಯೇ ಬೇಕಿಲ್ಲ. ಅದಕ್ಕಿಂತ ದೊಡ್ಡದಕ್ಕೆ 15 ದಿನದಲ್ಲಿ ಪರಿಶೀಲನೆ ಮುಗಿಸಬೇಕು, ಮುಗಿಸದಿದ್ದರೆ ಒಪ್ಪಿಗೆ ಕೊಟ್ಟ ಹಾಗೇ ಲೆಕ್ಕ. ಮತ್ತೂ ಮುಖ್ಯವಾದದ್ದು, 5 ಕಿಲೋವಾಟ್‌ವರೆಗಿನ ಸೋಲಾರಿಗಾಗಿ ಟಿಸಿ, ತಂತಿ ಬಲಪಡಿಸಬೇಕಾದರೆ ಆ ಖರ್ಚು ವಿದ್ಯುತ್ ಕಂಪನಿಯದ್ದು.

ಅಂದರೆ ಮೇಷ್ಟ್ರ 5 ಕಿಲೋವಾಟಿಗೆ "ಫುಲ್" ಅನ್ನುವ ಮಾತೇ ಬರಬಾರದಿತ್ತು. ಅದು ಕೊಟೇಶನ್ ಹುಡುಗ ಯಾರಿಂದಲೋ ಕೇಳಿ ತಂದ ಹಳೇ ಸುದ್ದಿ. ಅರ್ಜಿ ಹಾಕಿದರು, ಮಂಜೂರಾಯಿತು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್ ಮತ್ತು ಅದಕ್ಕಿಂತ ದೊಡ್ಡದಕ್ಕೆ ಸಿಗುವ 78 ಸಾವಿರ ರೂಪಾಯಿ ಸಬ್ಸಿಡಿಯೂ ಬಂತು.

ಈ ನಿಯಮ ನನಗೆ ಇಷ್ಟ. ಆದರೆ ಖರ್ಚು ಕಂಪನಿಯದ್ದು ಅಂದರೆ ಕೊನೆಗೆ ಯಾರದ್ದು? ಎಲ್ಲ ಗ್ರಾಹಕರ ದರದಲ್ಲಿ ಸೇರುವಂಥದ್ದು. ತಾರಸಿಯೇ ಇಲ್ಲದ ಬಾಡಿಗೆ ಮನೆಯವರೂ ಅದರಲ್ಲಿ ಪಾಲು ಕೊಡುತ್ತಾರೆ. 5 ಕಿಲೋವಾಟ್ ಎಂದು ಗೆರೆ ಎಳೆದದ್ದು ಬಹುಶಃ ಇದಕ್ಕೇ. ಸಣ್ಣವರ ಭಾರ ಎಲ್ಲರೂ ಹೊರಲಿ, ದೊಡ್ಡವರು ತಮ್ಮದನ್ನು ತಾವೇ ಹೊರಲಿ. ಒಪ್ಪಬಹುದಾದ ಮಾತು.

ನಮ್ಮ ರಾಜ್ಯದಲ್ಲಿ ಇನ್ನೊಂದು ವಿಚಿತ್ರವೂ ಇದೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ. ಬಿಲ್ಲೇ ಬರದ ಮನೆಯವರು ಬಿಲ್ ಉಳಿಸಲು ಸೋಲಾರ್ ಯಾಕೆ ಹಾಕಿಸುತ್ತಾರೆ? ಅವರ ತಾರಸಿಗಳು ಖಾಲಿಯೇ ಉಳಿಯುತ್ತವೆ. ಎರಡೂ ಒಳ್ಳೆಯ ಯೋಜನೆಗಳೇ. ಒಂದು ಇನ್ನೊಂದರ ಕಾಲಿಗೆ ತೊಡರುತ್ತದೆ ಅಷ್ಟೇ.

ಪಾವಗಡದಲ್ಲಿ ಕಲಿತದ್ದು

ಬೀದಿ ಬಿಟ್ಟು ಬಯಲಿಗೆ ಹೋಗೋಣ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. 2019ರ ಕೊನೆಗೆ ಪೂರ್ತಿಯಾಯಿತು. ಜಮೀನು ಕೊಂಡುಕೊಳ್ಳದೆ ರೈತರಿಂದ ಎಕರೆಗೆ ವರ್ಷಕ್ಕೆ 21 ಸಾವಿರದಂತೆ ಗುತ್ತಿಗೆಗೆ ಪಡೆದದ್ದು ಎಲ್ಲರಿಗೂ ಗೊತ್ತಿರುವ ಕತೆ. ಕಡಿಮೆ ಜನ ಮಾತಾಡುವುದು ತಂತಿಯ ಬಗ್ಗೆ. ಇಷ್ಟು ಕರೆಂಟ್ ಒಂದೇ ಕಡೆ ಹುಟ್ಟಿದರೆ ಅದನ್ನು ಹೊತ್ತೊಯ್ಯಲು 400 ಕಿಲೋವೋಲ್ಟಿನ ಹೆದ್ದಾರಿಯೇ ಬೇಕು.

ಪಾರ್ಕ್ ಅನ್ನುವುದೇ ಒಂದು ನೀತಿ. ಜಮೀನು, ಸಬ್‌ಸ್ಟೇಷನ್, ಲೈನು ಎಲ್ಲವನ್ನೂ ಸರ್ಕಾರಿ ಸಂಸ್ಥೆಗಳು ಮೊದಲು ಸಿದ್ಧ ಮಾಡಿ, ಕಂಪನಿಗಳಿಗೆ "ಬನ್ನಿ, ಪ್ಯಾನೆಲ್ ಹಾಕಿ" ಅನ್ನುವುದು. ಇದಕ್ಕೆ ಪೂರ್ತಿ ವಿರುದ್ಧವಾದ ದಾರಿಯನ್ನೂ ಕರ್ನಾಟಕ ನೋಡಿದೆ. 2016ರ ಸುಮಾರಿಗೆ ತಾಲ್ಲೂಕುವಾರು ಟೆಂಡರ್ ಕರೆದು, ತಾಲ್ಲೂಕಿಗೆ 20 ಮೆಗಾವಾಟ್ ಎಂದು ಹಂಚಿದರು. ಸಣ್ಣ ಸಣ್ಣ ಘಟಕ, ಹತ್ತಿರದ ಸಬ್‌ಸ್ಟೇಷನ್, ಹೊಸ ಹೆದ್ದಾರಿ ಬೇಡ. ಯೂನಿಟ್ ದರ ಪಾರ್ಕಿಗಿಂತ ಸ್ವಲ್ಪ ದುಬಾರಿ. ಲೈನಿನ ಖರ್ಚು ಸೇರಿಸಿ ನೋಡಿದರೆ ಅಷ್ಟೇನೂ ದುಬಾರಿಯಲ್ಲ ಅನ್ನುವುದು ನನ್ನ ಲೆಕ್ಕ. ಟೆಂಡರಿನಲ್ಲಿ ಕಾಣುವುದು ಪ್ಯಾನೆಲ್ ದರ ಮಾತ್ರ. ಲೈನಿನ ದರ ಬೇರೆ ಪುಸ್ತಕದಲ್ಲಿರುತ್ತದೆ.

ಈ "ಬೇರೆ ಪುಸ್ತಕ"ವೇ ದೇಶದ ಮಟ್ಟದಲ್ಲಿ ದೊಡ್ಡ ಪಾಠ ಕಲಿಸಿತು. ಒಂದು ರಾಜ್ಯದ ಸೋಲಾರ್ ಕರೆಂಟನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸಿದರೆ ಸಾಗಣೆ ಶುಲ್ಕ ಇಲ್ಲ ಎಂದು ಕೇಂದ್ರ ವಿನಾಯಿತಿ ಕೊಟ್ಟಿತು. 2025ರ ಜೂನ್ 30ರೊಳಗೆ ಶುರುವಾದ ಘಟಕಗಳಿಗೆ ಪೂರ್ತಿ ಮಾಫಿ, ಆಮೇಲೆ ಆ ಮಾಫಿಯಲ್ಲಿ ವರ್ಷಕ್ಕೆ 25 ಪರ್ಸೆಂಟ್‌ನಂತೆ ಕಡಿತ. ಸಾಗಣೆ ಪುಕ್ಕಟೆ ಆದರೆ ಏನಾಗುತ್ತದೆ? ಎಲ್ಲರೂ ಬಿಸಿಲು ಜಾಸ್ತಿ, ಜಮೀನು ಅಗ್ಗ ಇರುವ ಕಡೆಗೇ ಓಡುತ್ತಾರೆ. ರಾಜಸ್ಥಾನದ ಮರುಭೂಮಿಗೆ ಓಡಿದರು. ಸೋಲಾರ್ ಘಟಕ ಒಂದು ಒಂದೂವರೆ ವರ್ಷದಲ್ಲಿ ಎದ್ದು ನಿಲ್ಲುತ್ತದೆ. ದೊಡ್ಡ ಲೈನಿಗೆ ಜಮೀನಿನ ದಾರಿ, ಅರಣ್ಯ ಅನುಮತಿ, ಕೋರ್ಟು ಎಲ್ಲ ಮುಗಿದು ಮೂರ್ನಾಲ್ಕು ವರ್ಷ. ಅಲ್ಲಿ ಅಳಿವಿನಂಚಿನಲ್ಲಿರುವ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಲೈನಿಗೆ ಬಡಿದು ಸಾಯುತ್ತಿದೆ ಎಂಬ ಕಾರಣಕ್ಕೆ 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿ ಹಾಕಲು ಹೇಳಿ, 2024ರಲ್ಲಿ ಆ ಆದೇಶವನ್ನು ಸಡಿಲಿಸಿತು. ಇಷ್ಟೆಲ್ಲದರ ನಡುವೆ 2025ರಲ್ಲಿ ಅಲ್ಲಿನ ಘಟಕಗಳು ಮಟಮಟ ಮಧ್ಯಾಹ್ನ ಉತ್ಪಾದನೆ ಇಳಿಸಿ ಕೂರಬೇಕಾಯಿತು. ಬಿಸಿಲು ಇತ್ತು, ಪ್ಯಾನೆಲ್ ಇತ್ತು, ಲೈನ್ ಇರಲಿಲ್ಲ.

ರಾತ್ರಿ ಖಾಲಿ ಬಿದ್ದಿರುವ ಲೈನು

ಇಲ್ಲಿಗೆ ಬಂದಾಗ ವಿಷಯ ಬೇರೆ ಥರ ಕಾಣತೊಡಗುತ್ತದೆ. ಸೋಲಾರ್ ಲೈನ್ ಫುಲ್ ಆಗುವುದು ಯಾವಾಗ? ಬೆಳಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ. ಸಂಜೆ 6ರಿಂದ ಅದೇ ಲೈನು ಬೆಳಗ್ಗಿನವರೆಗೆ ಬಿಕೋ ಅನ್ನುತ್ತದೆ. ಆದರೆ ಹಳೆಯ ನಿಯಮದಲ್ಲಿ ಒಬ್ಬರಿಗೆ ಜಾಗ ಕೊಟ್ಟರೆ ದಿನದ 24 ಗಂಟೆಗೂ ಕೊಟ್ಟ ಹಾಗೆ. ಹಗಲು ಮಾತ್ರ ತೆರೆಯುವ ಅಂಗಡಿಗೆ ರಾತ್ರಿಯ ಬಾಡಿಗೆಯನ್ನೂ ಬರೆಸಿಕೊಂಡು, ರಾತ್ರಿ ತಿಂಡಿಗಾಡಿ ಇಡುತ್ತೇನೆ ಅಂದವನನ್ನು ವಾಪಸ್ ಕಳಿಸಿದಂತೆ.

ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2025ರಲ್ಲಿ ತನ್ನ ಲೈನ್ ಸಂಪರ್ಕದ ನಿಯಮ ತಿದ್ದಿ, ಸೋಲಾರ್ ಹೊತ್ತು ಮತ್ತು ಸೋಲಾರ್ ಇಲ್ಲದ ಹೊತ್ತು ಎಂದು ಬೇರೆ ಬೇರೆಯಾಗಿ ಜಾಗ ಕೊಡುವ ವ್ಯವಸ್ಥೆ ತಂದಿತು. ಅದೇ ಲೈನಿನಲ್ಲಿ ಹಗಲು ಸೋಲಾರ್, ರಾತ್ರಿ ಗಾಳಿಯಂತ್ರದ ಕರೆಂಟು ಅಥವಾ ಬ್ಯಾಟರಿಯಲ್ಲಿ ಕೂಡಿಟ್ಟದ್ದು. ಒಂದು ಕಂಬವನ್ನೂ ಹೊಸದಾಗಿ ನೆಡದೆ ಲೈನಿನ ಉಪಯೋಗ ಹೆಚ್ಚಾಯಿತು. ನನಗೆ ಕೇಳಿದರೆ ಈಚಿನ ವರ್ಷಗಳ ಅತಿ ಜಾಣ ನಿಯಮ ಇದು. ಪತ್ರಿಕೆಗಳಲ್ಲಿ ಮಾತ್ರ ಇದರ ಸದ್ದೇ ಇಲ್ಲ.

ಜಾಗದ ಸಮಸ್ಯೆ ಎಂದುಕೊಂಡದ್ದು ಬಹುಪಾಲು ಹೊತ್ತಿನ ಸಮಸ್ಯೆ. ಕೋಲಾರದ ಮಾರುಕಟ್ಟೆಗೆ ಎಲ್ಲ ರೈತರ ಟೊಮೆಟೊ ಒಂದೇ ದಿನ ಬಂದರೆ ರಸ್ತೆಗೆ ಸುರಿಯುತ್ತಾರೆ. ಹದಿನೈದು ದಿನ ಬಿಟ್ಟು ಅದೇ ಟೊಮೆಟೊಗೆ ಚಿನ್ನದ ಬೆಲೆ. ಕರೆಂಟಿನ ಸಂತೆ ಇನ್ನೂ ಕಷ್ಟದ್ದು. ಇಲ್ಲಿ ಹದಿನೈದು ದಿನ ಅಲ್ಲ, ಹದಿನೈದು ಸೆಕೆಂಡೂ ಸರಕನ್ನು ಪಕ್ಕಕ್ಕೆ ಇಡುವ ಹಾಗಿಲ್ಲ. ಹುಟ್ಟಿದ್ದು, ಬಳಸಿದ್ದು ಆ ಕ್ಷಣಕ್ಕೆ ಸಮವಾಗಿರಬೇಕು. ಸಮ ಇದೆಯೋ ಇಲ್ಲವೋ ಎಂದು ತೋರಿಸುವ ತಕ್ಕಡಿಯೇ ಫ್ರೀಕ್ವೆನ್ಸಿ. ಅದು 49.90ರಿಂದ 50.05 ಹರ್ಟ್ಸ್ ನಡುವೆ ಇರಬೇಕು.

ಮಧ್ಯಾಹ್ನ ಸೋಲಾರ್ ಉಕ್ಕಿದಾಗ ಬೇರೆ ಯಾರೋ ಹಿಂದೆ ಸರಿಯಬೇಕು. ಕಲ್ಲಿದ್ದಲ ಸ್ಥಾವರಕ್ಕೆ ಅದು ಸುಲಭವಲ್ಲ. ಒಲೆ ಆರಿಸಿದರೆ ಮತ್ತೆ ಹೊತ್ತಿಸಲು ಗಂಟೆಗಟ್ಟಲೆ ಬೇಕು. ಅದಕ್ಕೇ 2023ರ ನಿಯಮ ಕಲ್ಲಿದ್ದಲ ಘಟಕಗಳು ಹಂತ ಹಂತವಾಗಿ 40 ಪರ್ಸೆಂಟ್‌ವರೆಗೆ ಉರಿ ತಗ್ಗಿಸಲು ಕಲಿಯಬೇಕು ಎನ್ನುತ್ತದೆ. ನಮ್ಮ ರಾಜ್ಯಕ್ಕೆ ಇನ್ನೊಂದು ಅದೃಷ್ಟ ಇದೆ. ಶರಾವತಿಯ 1,035 ಮೆಗಾವಾಟಿನ ಜಲವಿದ್ಯುತ್ ಕೇಂದ್ರ ನಿಮಿಷಗಳಲ್ಲಿ ಏಳುತ್ತದೆ, ನಿಮಿಷಗಳಲ್ಲಿ ನಿಲ್ಲುತ್ತದೆ. ಹಗಲು ನೀರು ಹಿಡಿದಿಟ್ಟು ಸಂಜೆ ಬಿಟ್ಟರೆ ಅದೂ ಒಂದು ಬ್ಯಾಟರಿಯೇ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಹಗಲು ನೀರನ್ನು ಮೇಲಕ್ಕೆತ್ತಿ ಸಂಜೆ ಇಳಿಸುವ 2,000 ಮೆಗಾವಾಟ್ ಯೋಜನೆ ಬಂದದ್ದೂ ಇದೇ ಲೆಕ್ಕದಲ್ಲಿ. ಸಿಂಗಳೀಕಗಳ ಅಭಯಾರಣ್ಯ ಅದು. ಮಲೆನಾಡಿನ ಜನರ ವಿರೋಧಕ್ಕೆ ಕಾರಣವಿದೆ. ಬ್ಯಾಟರಿ ಇಷ್ಟು ಅಗ್ಗವಾಗಿರುವಾಗ ಆ ಕಾಡನ್ನು ಮುಟ್ಟಬೇಕೇ ಎಂಬ ಪ್ರಶ್ನೆಯನ್ನು ಮತ್ತೆ ಕೇಳಬೇಕು ಅಂತ ನನಗೂ ಅನಿಸುತ್ತದೆ. ದೊಡ್ಡ ಬ್ಯಾಟರಿಯನ್ನು ಬಾಡಿಗೆಗೆ ಕೊಡಲು ಕಂಪನಿಗಳು ಹೇಳುವ ದರ 2022ರಲ್ಲಿ ಮೆಗಾವಾಟಿಗೆ ತಿಂಗಳಿಗೆ 10 ಲಕ್ಷ ದಾಟಿತ್ತು. ಎರಡು ಮೂರು ವರ್ಷಗಳಲ್ಲಿ ಅದು ನಾಲ್ಕನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು. ಹೊಸ ಸೋಲಾರ್ ಟೆಂಡರುಗಳಲ್ಲಿ ಘಟಕದ 10 ಪರ್ಸೆಂಟಿನಷ್ಟಾದರೂ ಎರಡು ಗಂಟೆಯ ಸಂಗ್ರಹ ಇರಲಿ ಎಂದು 2025ರ ಫೆಬ್ರುವರಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಸಲಹೆಯನ್ನೂ ಕೊಟ್ಟಿತು.

ಪಂಪ್‌ಸೆಟ್ಟೇ ಬ್ಯಾಟರಿ

ಕೂಡಿಡುವುದಕ್ಕಿಂತ ಅಗ್ಗದ ದಾರಿ ಒಂದಿದೆ. ಕರೆಂಟು ಹುಟ್ಟಿದ ಹೊತ್ತಿಗೇ ಬಳಸುವುದು. ಇದರಲ್ಲಿ ಕರ್ನಾಟಕಕ್ಕೆ ಒಳ್ಳೆ ಕೈ ಇದೆ. ನಮ್ಮಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಅಂಥವು 30 ಲಕ್ಷಕ್ಕೂ ಜಾಸ್ತಿ ಇವೆ. ನಮ್ಮ ಅಪ್ಪನ ಕಾಲದಲ್ಲಿ ತ್ರೀ ಫೇಸ್ ಬರುತ್ತಿದ್ದದ್ದು ಸರಿರಾತ್ರಿ. ಟಾರ್ಚ್ ಹಿಡಿದು, ಹಾವು ಚೇಳಿಗೆ ಹೆದರುತ್ತಾ ಗದ್ದೆಗೆ ಹೋಗಿ ಮೋಟರ್ ಹಾಕುತ್ತಿದ್ದರು. ಬೇರೆಯವರಿಗೆ ಬೇಡವಾದ ಹೊತ್ತಿನ ಕರೆಂಟು ರೈತನಿಗೆ ಅನ್ನುವ ನೀತಿ ಅದು. ಈಗ ಬೇಡವಾಗಿ ಉಳಿಯುವುದು ಮಧ್ಯಾಹ್ನದ ಕರೆಂಟು. ನೀತಿ ಅದೇ ಇದ್ದರೂ ರೈತನಿಗೆ ಹಗಲು ಸಿಕ್ಕಿತು!

ಇದು ಸಾಧ್ಯವಾದದ್ದಕ್ಕೆ ಹಿಂದೆ ಮಾಡಿದ ಒಂದು ಕೆಲಸ ಕಾರಣ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಲೈನನ್ನೂ ಪಂಪ್‌ಸೆಟ್ ಲೈನನ್ನೂ ಬೇರೆ ಮಾಡಿದರು. ಆಗ ಉದ್ದೇಶ ಮನೆಗಳಿಗೆ ದಿನವಿಡೀ ಕರೆಂಟ್ ಕೊಡುವುದಾಗಿತ್ತು, ಸೋಲಾರ್ ಅಲ್ಲ. ಆದರೆ ಪಂಪ್‌ಸೆಟ್ ಫೀಡರ್ ಬೇರೆ ಇದ್ದದ್ದರಿಂದಲೇ ಇವತ್ತು ಪಿಎಂ ಕುಸುಮ್ ಯೋಜನೆಯ ಸಿ ಭಾಗ ಇಲ್ಲಿ ಸುಲಭವಾಗಿ ಕೂರುತ್ತದೆ. ಸಬ್‌ಸ್ಟೇಷನ್ ಪಕ್ಕದ ಜಮೀನಿನಲ್ಲಿ ಕೆಲವು ಮೆಗಾವಾಟ್ ಸೋಲಾರ್. ಮೆಗಾವಾಟಿಗೆ ನಾಲ್ಕು ಎಕರೆಯಷ್ಟು ಸಾಕು. ಕೇಂದ್ರದ ಸಹಾಯಧನ ಮೆಗಾವಾಟಿಗೆ 1.05 ಕೋಟಿ ರೂಪಾಯಿ. ಅಲ್ಲಿ ಹುಟ್ಟಿದ ಕರೆಂಟು ಅದೇ ಸಬ್‌ಸ್ಟೇಷನ್ನಿನ ಪಂಪ್‌ಸೆಟ್ ಫೀಡರಿಗೆ ಹೋಗುತ್ತದೆ. ದೊಡ್ಡ ಲೈನನ್ನು ಮುಟ್ಟುವುದೇ ಇಲ್ಲ. ದಾರಿಯಲ್ಲಿ ಸೋರುವುದೂ ಕಡಿಮೆ. ಬಿಸಿಲಿದ್ದಾಗ ನೀರು ಹರಿಯುತ್ತದೆ, ಮೋಡವಿದ್ದ ದಿನ ಬೆಳೆಗೆ ನೀರೂ ಅಷ್ಟು ಬೇಡ.

ಇದರ ಕೆಟ್ಟ ಮುಖವನ್ನೂ ಹೇಳಬೇಕು. ಹಗಲು ಕರೆಂಟು, ಅದೂ ಪುಕ್ಕಟೆ ಅಂದರೆ ಬೋರ್‌ವೆಲ್ ಇನ್ನೂ ಆಳಕ್ಕೆ ಇಳಿಯುತ್ತದೆ. ಲೈನಿನ ಮಿತಿ ದಾಟಿ ಅಂತರ್ಜಲದ ಮಿತಿಗೆ ಹೋಗಿ ಬೀಳುತ್ತೇವೆ. ಈ ವಿಷಯ ಯಾವ ಸೋಲಾರ್ ನಿಯಮದಲ್ಲೂ ನನಗೆ ಕಾಣಲಿಲ್ಲ.

ಪೇಟೆಯವರಿಗೆ ಇದೇ ತತ್ವ ದರದ ರೂಪದಲ್ಲಿ ಬರುತ್ತಿದೆ. ಕೇಂದ್ರದ 2023ರ ನಿಯಮದ ಪ್ರಕಾರ ದಿನದ ಎಂಟು ಸೋಲಾರ್ ಗಂಟೆಗಳಲ್ಲಿ ದರ ಕನಿಷ್ಠ 20 ಪರ್ಸೆಂಟ್ ಕಡಿಮೆ, ಬೇಡಿಕೆ ಏರುವ ಹೊತ್ತಿನಲ್ಲಿ ಹೆಚ್ಚು. ಮೊದಲು ಕಾರ್ಖಾನೆ, ಅಂಗಡಿಗಳಿಗೆ, ಆಮೇಲೆ ಕೃಷಿ ಬಿಟ್ಟು ಉಳಿದವರಿಗೆ. ಹೊತ್ತು ನೋಡಿ ಲೆಕ್ಕ ಹಾಕುವ ಸ್ಮಾರ್ಟ್ ಮೀಟರ್ ಇಲ್ಲದೆ ಇದು ನಡೆಯುವುದಿಲ್ಲ.

ಸ್ವಲ್ಪ ಚೆಲ್ಲಿದರೂ ಪರವಾಗಿಲ್ಲ

ಕೊನೆಯದಾಗಿ ಒಂದು ಕಹಿ ವಿಷಯ. ಹುಟ್ಟಿದ ಕರೆಂಟನ್ನೆಲ್ಲ ತೆಗೆದುಕೊಳ್ಳಲೇಬೇಕು ಎಂದು ಹಟ ಹಿಡಿದರೆ ವರ್ಷಕ್ಕೆ ಕೆಲವೇ ಗಂಟೆ ಬರುವ ಉಕ್ಕಿಗಾಗಿ ಇಡೀ ಲೈನನ್ನು ದೊಡ್ಡದು ಮಾಡಬೇಕು. ನೂರು ನೆಂಟರು ಬರುವ ಒಂದು ದಿನಕ್ಕಾಗಿ ಮನೆಗೆ ಹತ್ತು ಕೋಣೆ ಕಟ್ಟಿಸಿದ ಹಾಗೆ. ಜರ್ಮನಿ 2025ರ ಫೆಬ್ರುವರಿಯಿಂದ ಈ ಹಟ ಬಿಟ್ಟಿತು. ದೂರದಿಂದ ನಿಯಂತ್ರಿಸುವ ಸಾಧನ ಇಲ್ಲದ ಹೊಸ ತಾರಸಿ ಸೋಲಾರ್ ತನ್ನ ಸಾಮರ್ಥ್ಯದ 60 ಪರ್ಸೆಂಟ್ ಮಾತ್ರ ಲೈನಿಗೆ ಬಿಡಬೇಕು. ಪ್ಯಾನೆಲ್ ಪೂರ್ತಿ ಶಕ್ತಿ ಕೊಡುವ ಗಂಟೆಗಳೇ ಕಡಿಮೆ, ಮನೆಯಲ್ಲೂ ಒಂದಿಷ್ಟು ಬಳಸುತ್ತಾರೆ. ಹಾಗಾಗಿ ನಿಜವಾಗಿ ಕಳೆದುಕೊಳ್ಳುವುದು ಸ್ವಲ್ಪವೇ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮನೆಯವರೇ ಆರಿಸಿಕೊಳ್ಳಬಹುದು. ಯಾವಾಗಲೂ 1.5 ಕಿಲೋವಾಟ್, ಇಲ್ಲವೇ ಲೈನಿನ ಸ್ಥಿತಿ ನೋಡಿಕೊಂಡು ಏರುತ್ತಾ ಇಳಿಯುತ್ತಾ 10 ಕಿಲೋವಾಟ್‌ವರೆಗೆ.

ನಮ್ಮಲ್ಲಿ ಸೋಲಾರಿಗೆ "ಮಸ್ಟ್ ರನ್", ಅಂದರೆ ಓಡಿಸಲೇಬೇಕು, ಎಂಬ ರಕ್ಷೆ ಇದೆ. ಲೈನಿನ ಸುರಕ್ಷತೆಗೆ ಬಿಟ್ಟು ಬೇರೆ ಕಾರಣಕ್ಕೆ ನಿಲ್ಲಿಸಿದರೆ ಪರಿಹಾರ ಕೊಡಬೇಕು ಎಂದು 2021ರ ನಿಯಮ ಹೇಳುತ್ತದೆ. ಸುರಕ್ಷತೆ ಅನ್ನುವ ಪದದ ಅರ್ಥ ಎಲ್ಲಿಂದ ಎಲ್ಲಿಗೆ ಅನ್ನುವುದೇ ಜಗಳ. ಎಷ್ಟು ಗಂಟೆ, ಎಷ್ಟು ಯೂನಿಟ್, ಯಾವ ಕಾರಣಕ್ಕೆ ಕಡಿತವಾಯಿತು ಎಂದು ಎಲ್ಲರಿಗೂ ಕಾಣುವಂತೆ ಹಾಕಿದರೆ ಅರ್ಧ ಜಗಳ ಮುಗಿಯುತ್ತದೆ. ಯಾವ ಟಿಸಿಯಲ್ಲಿ ಎಷ್ಟು ಜಾಗ ಉಳಿದಿದೆ ಅನ್ನುವುದನ್ನೂ ಹಾಗೇ ಹಾಕಬೇಕು. ಹಾಗೆ ಹಾಕಿದ್ದರೆ ಕೊಟೇಶನ್ ಹುಡುಗನ ಬಾಯಲ್ಲಿ ಗಾಳಿಸುದ್ದಿ ಬರುತ್ತಿರಲಿಲ್ಲ.

ಮೇಷ್ಟ್ರ ಕತೆಗೆ ಬರೋಣ. ಪ್ಯಾನೆಲ್ ಬಂದು ಮೂರು ತಿಂಗಳಿಗೆ ಮತ್ತೆ ಬಾಗಿಲು ತಟ್ಟಿದರು. ಬೇಸಿಗೆಯ ಮಧ್ಯಾಹ್ನ ಇನ್‌ವರ್ಟರ್ ಆಗಾಗ ಕೆಂಪು ದೀಪ ಹಾಕಿ ಮಲಗುತ್ತದಂತೆ. ಹೋಗಿ ನೋಡಿದೆ. ಪರದೆಯ ಮೇಲೆ 254 ವೋಲ್ಟ್. ಕೊನೆ ಮನೆಯಲ್ಲವೇ? ನಿಯಮ ಅನುಮತಿ ಕೊಟ್ಟಿತ್ತು, ತಂತಿ ಕೊಟ್ಟಿರಲಿಲ್ಲ. ಟ್ಯಾಪ್ ಇಳಿಸಿ, ದಪ್ಪ ತಂತಿ ಹಾಕಿ ಎಂದು ಅರ್ಜಿ ಬರೆದುಕೊಟ್ಟಿದ್ದೇವೆ. ಅದು ಯಾವ ಮೇಜಿನ ಮೇಲಿದೆಯೋ. ಅಲ್ಲಿಯವರೆಗೆ ಅಂತ ಮೇಷ್ಟ್ರ ಮನೆಯವರು ಒಂದು ವ್ಯವಸ್ಥೆ ಮಾಡಿಕೊಂಡರು. ಬೆಳಗ್ಗೆ 6ಕ್ಕೆ ಹಾಕುತ್ತಿದ್ದ ಸಂಪ್ ಮೋಟರನ್ನು ಈಗ 12ಕ್ಕೆ ಹಾಕುತ್ತಾರೆ, ಅದರ ಹಿಂದೆಯೇ ವಾಷಿಂಗ್ ಮಷೀನು, ಆಮೇಲೆ ದೋಸೆ ಹಿಟ್ಟಿನ ಗ್ರೈಂಡರ್. ಹೋದ ವಾರ ಕೇಳಿದೆ. ಇನ್‌ವರ್ಟರ್ ಮಲಗುವುದು ತುಂಬಾ ಕಡಿಮೆಯಾಗಿದೆಯಂತೆ, ಭಾನುವಾರ ಪಕ್ಕದ ಮನೆಯವರೆಲ್ಲ ಊರಿಗೆ ಹೋದಾಗ ಮಾತ್ರ.